ಚುಕ್ಕಾಣಿಗೆ ಮುಟ್ಟುವ ನೀರು

"ಕಾಕಾ, ಎಡಕ್ಕ ಛಲೋ ತಿರಗ್ತದ. ಬಲಕ್ಕ ಅಂದ್ರ ಕೇಳೂದೇ ಇಲ್ಲ. ನಾಳೆ ಬೋಹರಿ ಆಳಿಗೆ ಹೋಗಿ ಹಿತ್ತಾಳಿ ತಗಡು ತಂದು ಚುಕ್ಕಾಣಿ ದೊಡ್ಡದು ಮಾಡ್ತೀನಿ."

"ಮಾಡೂಣು, ಅವಸರ ಇಲ್ಲ. ಈಗ ಇರೂ ಚುಕ್ಕಾಣಿಗೆ ನೀರು ಎಲ್ಲಿಂದ ಬರ್ತದ, ಎಷ್ಟು ಬರ್ತದ, ಅದನ್ನ ಮೊದಲ ನೋಡೂಣು."

ಪುಣೆಯ ಕೋಥರೂಡಿನ ಒಂದು ವಸತಿ ಸಮುಚ್ಚಯದ ಈಜುಕೊಳದ ದಂಡೆಯಲ್ಲಿ ಈ ಮಾತು ನಡೆದಿತ್ತು. ಹುಡುಗಿ ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಾಳೆ, ಎನ್‌ಸಿಸಿ ನೌಕಾ ವಿಭಾಗದ ಕೆಡೆಟ್. ಆ ವಿಭಾಗದ ಶಿಬಿರಗಳಲ್ಲಿ ಹಡಗಿನ ಮಾದರಿ ತಯಾರಿಕೆಯೂ ಒಂದು ಸ್ಪರ್ಧೆ. ನಿಂತ ಮಾದರಿಗಳ ಜೊತೆಗೆ ನೀರಿನಲ್ಲಿ ಓಡುವ ಮಾದರಿಗಳೂ ಇರುತ್ತವೆ. ಹಿರಿಯರು ಧಾರವಾಡದಿಂದ ಪುಣೆಗೆ ಬಂದು, ಖಡಕ್‌ವಾಸ್ಲಾದ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದ ಮಾದರಿ ಕಾರ್ಯಾಗಾರದಲ್ಲಿ ದುಡಿದು ನಿವೃತ್ತರಾದವರು. ನೀರಿನ ಮೇಲಿದ್ದದ್ದು 80 ಸೆಂಟಿಮೀಟರ್ ಉದ್ದದ ಗಸ್ತು ನೌಕೆ: ಮೂಲದ 40 ಮೀಟರನ್ನು 1:50ಕ್ಕೆ ಇಳಿಸಿದ್ದು. ತೂಕ ಸುಮಾರು ಮೂರು ಕಿಲೋ. ಒಂದು ಮೋಟಾರು, 35 ಮಿಲಿಮೀಟರಿನ ಒಂದು ಪ್ರೊಪೆಲರ್, ಅದರ ಹಿಂದೆ ಒಂದು ಚುಕ್ಕಾಣಿ.

ಮಾದರಿ ದೋಣಿ ಮಾತು ಕೇಳದಿದ್ದರೆ ಬಹುತೇಕ ಹವ್ಯಾಸಿಗಳ ಕೈ ಮೊದಲು ಹೋಗುವುದು ಚುಕ್ಕಾಣಿಯ ಅಳತೆಗೇ. ದೊಡ್ಡದು ಮಾಡಿದರೆ ಸ್ವಲ್ಪ ಗುಣ ಕಾಣಿಸುತ್ತದೆ, ಹಾಗಾಗಿ ನಿಜವಾದ ಕಾರಣ ಅಡಗಿಯೇ ಉಳಿಯುತ್ತದೆ. ಹಿರಿಯರು ದೋಣಿಯನ್ನು ನೀರಿನಿಂದೆತ್ತಿ ಮಡಿಲಲ್ಲಿ ಬೋರಲು ಮಲಗಿಸಿಕೊಂಡರು.

"ರಿಮೋಟಿನ ಕೋಲು ಪೂರ್ತಿ ಎಡಕ್ಕ ಒತ್ತು. ಕೋನಮಾಪಕ ಹಿಡಿ. ಎಷ್ಟದ?"

"ಮೂವತ್ತಾರು ಡಿಗ್ರಿ."

"ಈಗ ಬಲಕ್ಕ."

"ಇಪ್ಪತ್ತನಾಲ್ಕು... ಹೌದಲ್ಲ! ಸರ್ವೊ ಎರಡೂ ಕಡೆ ಒಂದೇ ಸಮ ತಿರಗ್ತದ ಅಂದ್ಕೊಂಡಿದ್ದೆ."

"ಸರ್ವೊ ಸಮ ತಿರಗ್ತದ. ಅದರ ತೋಳು ನೀ ಓರೆ ಕೂಡಿಸೀದಿ. ನಡುವೆ ನಿಂತಾಗ ತೋಳಿಗೂ ತಂತಿಗೂ ನೆಟ್ಟಗ 90 ಡಿಗ್ರಿ ಇರಬೇಕು. ಇಲ್ಲಾಂದ್ರ ಒಂದು ಕಡೆ ಎಳೆತ ಹೆಚ್ಚು, ಇನ್ನೊಂದು ಕಡೆ ಕಡಿಮಿ. ಇನ್ನ ಈ ತಂತಿ ನೋಡು. ಬಲಕ್ಕ ಹೋಗಬೇಕಾದ್ರ ಇದು ಚುಕ್ಕಾಣಿಯನ್ನ ನೂಕಬೇಕು. ನೂಕುವಾಗ ಬಾಗ್ತದ. ನೀರಿನ ಒತ್ತಡ ಬಿದ್ರಂತೂ ಈ ಇಪ್ಪತ್ತನಾಲ್ಕೂ ಉಳಿಯೂದಿಲ್ಲ."

ಸರ್ವೊ ಎಂಬ ಪುಟ್ಟ ಪೆಟ್ಟಿಗೆಗೆ ರಿಸೀವರಿನಿಂದ ಸೆಕೆಂಡಿಗೆ ಸುಮಾರು 50 ಸಲ ಒಂದು ವಿದ್ಯುತ್ ಮಿಡಿತ ಬರುತ್ತದೆ. ಆ ಮಿಡಿತ 1.5 ಮಿಲಿಸೆಕೆಂಡ್ ಇದ್ದರೆ ತೋಳು ನಡುವೆ ನಿಲ್ಲುತ್ತದೆ. 1ರ ಕಡೆಗೆ ಇಳಿದರೆ ಒಂದು ಬದಿಗೆ, 2ರ ಕಡೆಗೆ ಏರಿದರೆ ಇನ್ನೊಂದು ಬದಿಗೆ ಹೊರಳುತ್ತದೆ. ಎಲೆಕ್ಟ್ರಾನಿಕ್ಸಿನ ಲೆಕ್ಕ ಇಷ್ಟು ಕಟ್ಟುನಿಟ್ಟು. ಅದನ್ನು ಕೆಡಿಸುವುದು ತೋಳಿನ ತೂತಿನಲ್ಲಿರುವ ಸಡಿಲು, ಬಾಗುವ ತಂತಿ, ಕೊಳವೆಯಲ್ಲಿ ಅಲ್ಲಾಡುವ ಚುಕ್ಕಾಣಿಯ ಕಡ್ಡಿ. ಬುಧವಾರ ಪೇಟೆಯ ತಾಪಕೀರ್ ಗಲ್ಲಿಯಲ್ಲಿ ಎಷ್ಟು ದುಬಾರಿಯ ಸರ್ವೊ ಕೊಂಡು ತಂದರೂ ಈ ಸಡಿಲು ಹೋಗುವುದಿಲ್ಲ. ದಪ್ಪ ತಂತಿ, ಅದಕ್ಕೆ ನಡುವೆ ಒಂದು ಆಸರೆ, ತಂತಿಯ ದಪ್ಪಕ್ಕೆ ಸರಿಯಾಗಿ ಕೂಡುವ ತೂತು ಇಷ್ಟಾದರೆ ಸಾಕು.

ತೋಳನ್ನು ಬಿಚ್ಚಿ ನೆಟ್ಟಗೆ ಕೂಡಿಸಿದ್ದಾಯಿತು. ತಂತಿ ಬದಲಾಯಿತು. ಎರಡೂ ಕಡೆ 35 ಡಿಗ್ರಿ. ದೋಣಿ ಮತ್ತೆ ನೀರಿಗೆ ಇಳಿಯಿತು. ಬಲ ತಿರುವು ಮೊದಲಿಗಿಂತ ಚೊಕ್ಕವಾಯಿತು, ಆದರೆ ಎಡ ತಿರುವಿಗೆ ಸಮನಾಗಲಿಲ್ಲ.

"ಇನ್ನೂ ಎಡಕ್ಕೇ ಒಲವು ಅದ ಕಾಕಾ. ಕೋಲು ಬಿಟ್ರ ತಾನಾಗೇ ಎಡಕ್ಕ ಹೊರಳ್ತದ."

"ಹಿಂದ ನಿಂತು ನೋಡಿದ್ರ ನಿನ್ನ ಪ್ರೊಪೆಲರ್ ಯಾವ ಕಡೆ ತಿರಗ್ತದ?"

"ಗಡಿಯಾರದ ಮುಳ್ಳಿನ ಕಡೆ."

"ಹಂಗಾದ್ರ ಕೆಳಗಿನ ಎಲೆ ಯಾವ ಕಡೆ ಹೋಗ್ತದ?"

ಹುಡುಗಿ ಗಾಳಿಯಲ್ಲಿ ಬೆರಳು ತಿರುಗಿಸಿ ನೋಡಿದಳು. "ಬಲದಿಂದ ಎಡಕ್ಕ."

"ಮ್ಯಾಲಿನ ಎಲೆ ನೀರಿನ ಮೈಗೆ ಹತ್ತಿರ, ದೋಣಿಯ ಒಡಲಿನ ನೆರಳಿನಾಗ ಇರ್ತದ. ಅದಕ್ಕ ಹಿಡಿತ ಕಡಿಮಿ. ಕೆಳಗಿನ ಎಲೆಗೆ ಹಿಡಿತ ಹೆಚ್ಚು. ಅದು ನೀರನ್ನ ಎಡಕ್ಕ ತಳ್ಳಿದ್ರ ದೋಣಿಯ ಹಿಂಭಾಗ ಬಲಕ್ಕ ಸರೀತದ. ಹಿಂಭಾಗ ಬಲಕ್ಕ ಹೋತು ಅಂದ್ರ ಮೂತಿ ಎಡಕ್ಕ. ಇದು ನಿನ್ನ ದೋಣಿಯ ಕೊರತಿ ಅಲ್ಲ, ಒಂದೇ ಪ್ರೊಪೆಲರ್ ಇರೂ ದೊಡ್ಡ ಹಡಗಿಗೂ ಹಿಂಗ ಆಗ್ತದ."

ಒಂಟಿ ಪ್ರೊಪೆಲರಿನ ಹಡಗನ್ನು ನಡೆಸುವವರು ಈ ಗುಣವನ್ನು ಬಳಸಿಕೊಳ್ಳುವುದೂ ಉಂಟು. ಮುಂದೆ ಹೋಗುವಾಗ ಗಡಿಯಾರದ ದಿಕ್ಕಿಗೆ ತಿರುಗುವ ಪ್ರೊಪೆಲರ್ ಹಿಮ್ಮುಖವಾದಾಗ ಹಿಂಭಾಗವನ್ನು ಎಡಕ್ಕೆ ಎಳೆಯುತ್ತದೆ. ಎಡಮಗ್ಗುಲನ್ನು ಧಕ್ಕೆಯ ಕಡೆ ಮಾಡಿಕೊಂಡು ಬಂದು ನಿಲ್ಲಿಸಲು ಹಿಮ್ಮುಖ ಕೊಟ್ಟರೆ ಹಡಗಿನ ಬಾಲ ತಾನಾಗಿಯೇ ದಂಡೆಗೆ ಒರಗುತ್ತದೆ. ಮಾದರಿಯಲ್ಲಿ ಇದನ್ನು ಸರಿದೂಗಿಸುವುದು ಸುಲಭ: ರಿಮೋಟಿನ ಟ್ರಿಮ್ ಗುಂಡಿಯಿಂದ ಚುಕ್ಕಾಣಿಯನ್ನು ಎರಡು ಮೂರು ಡಿಗ್ರಿ ಬಲಕ್ಕೆ ಒತ್ತಿಡಬೇಕು. ವೇಗ ಬದಲಾದರೆ ಆ ಲೆಕ್ಕವೂ ತುಸು ಬದಲಾಗುತ್ತದೆ, ಆದ್ದರಿಂದ ಹೆಚ್ಚು ಓಡಿಸುವ ವೇಗಕ್ಕೆ ಹೊಂದಿಸುವುದು ಜಾಣತನ. ಪೂರ್ತಿ ಪರಿಹಾರ ಬೇಕೆಂದರೆ ಎದುರುಬದುರು ತಿರುಗುವ ಎರಡು ಪ್ರೊಪೆಲರ್ ಹಾಕಬೇಕು.

"ಇನ್ನೊಂದು ತ್ರಾಸು. ಗೋಡೆ ಹತ್ತಿರ ಬಂತು ಅಂತ ಮೋಟಾರು ನಿಲ್ಲಿಸ್ತೀನಿ, ಚುಕ್ಕಾಣಿ ಪೂರ್ತಿ ತಿರಗಸ್ತೀನಿ. ಏನೂ ಆಗೂದಿಲ್ಲ, ನೆಟ್ಟಗ ಹೋಗಿ ಹೊಡೀತದ."

"ನಾ ಅಂದದ್ದು ಇದನ್ನ. ಚುಕ್ಕಾಣಿ ತಾನಾಗಿ ಏನೂ ಮಾಡೂದಿಲ್ಲ. ತನ್ನ ಮ್ಯಾಲೆ ಬಂದ ನೀರನ್ನ ಓರೆ ಮಾಡ್ತದ, ಅಷ್ಟ. ಪ್ರೊಪೆಲರ್ ಎಸೆಯೂ ನೀರು ದೋಣಿಯ ವೇಗಕ್ಕಿಂತ ಜೋರು ಇರ್ತದ. ನೀ ಮೋಟಾರು ನಿಲ್ಲಿಸಿದಿ ಅಂದ್ರ ಆ ಜೋರು ಹೋತು. ಗೋಡೆ ಬಂತು ಅಂದ್ರ ಚುಕ್ಕಾಣಿ ಮೊದಲ ತಿರಗಸು, ಆಮ್ಯಾಲೆ ಒಂದು ಕ್ಷಣ ಮೋಟಾರು ಜೋರು ಕೊಡು. ದೋಣಿಗೆ ವೇಗ ಬರೂದರೊಳಗ ಬಾಲ ತಿರಗಿರ್ತದ."

ಹುಡುಗಿ ಹಾಗೇ ಮಾಡಿದಳು. ಗೋಡೆಗೆ ಒಂದು ಮಾರು ಇರುವಾಗಲೇ ದೋಣಿ ಹೊರಳಿತು.

ಇದರ ತದ್ವಿರುದ್ಧ ಪರಿಸ್ಥಿತಿಗೆ ಟೈಟಾನಿಕ್ಕಿನ ರಚನೆ ಒಳ್ಳೆಯ ಉದಾಹರಣೆ. ಅದಕ್ಕೆ ಮೂರು ಪ್ರೊಪೆಲರ್, ಒಂದೇ ಚುಕ್ಕಾಣಿ. ಚುಕ್ಕಾಣಿ ಇದ್ದದ್ದು ನಡುವಿನ ಪ್ರೊಪೆಲರಿನ ಹಿಂದೆ. ಆ ನಡುವಿನದನ್ನು ತಿರುಗಿಸುತ್ತಿದ್ದ ಉಗಿ ಟರ್ಬೈನಿಗೆ ಹಿಮ್ಮುಖ ಓಟ ಇರಲಿಲ್ಲ. ಬದಿಯ ಎರಡು ಎಂಜಿನುಗಳನ್ನು ಹಿಮ್ಮುಖ ಮಾಡಿದಾಗ ನಡುವಿನದು ಕೆಲಸವಿಲ್ಲದೆ ನಿಲ್ಲುತ್ತಿತ್ತು, ಚುಕ್ಕಾಣಿಗೆ ಹರಿವು ತಗ್ಗುತ್ತಿತ್ತು. ಅಷ್ಟು ದೊಡ್ಡ ಹಡಗಿನಲ್ಲೂ ತಿರುವಿನ ಬಲ ಹುಟ್ಟುವುದು ಪ್ರೊಪೆಲರಿನ ಹಿಂದಿನ ಆ ಕೆಲವೇ ಅಡಿಗಳಲ್ಲಿ.

ಮೊತ್ತಮೊದಲ ರೇಡಿಯೊ ನಿಯಂತ್ರಿತ ಯಂತ್ರವೂ ಒಂದು ದೋಣಿಯೇ ಎಂಬುದನ್ನು ಇಲ್ಲಿ ನೆನೆಯಬೇಕು. ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನೀರಿನ ತೊಟ್ಟಿಯಲ್ಲಿ ಅದನ್ನು ಓಡಿಸಿ ತೋರಿಸಿದ. ಅದೇ ವರ್ಷದ ನವೆಂಬರ್ 8ರಂದು ಅದರ ಪೇಟೆಂಟ್ ದೊರೆಯಿತು. ತಂತಿಯಿಲ್ಲದೆ ಆತ ಮುಖ್ಯವಾಗಿ ಆಳಿದ್ದು ಪ್ರೊಪೆಲರ್ ಮತ್ತು ಚುಕ್ಕಾಣಿ, ಇವೆರಡನ್ನೇ. ಇಂದಿಗೂ ಅಗ್ಗದ ರಿಮೋಟಿನಲ್ಲಿ ಇರುವುದು ಅವೇ ಎರಡು ಚಾನೆಲ್.

"ಬ್ಯಾಟರಿ ಎಲ್ಲೆ ಇಟ್ಟೀ?"

"ಮುಂದ. ಹಿಂದ ಮೋಟಾರು ಅದಲ್ಲ, ಸಮತೂಕ ಆಗಲಿ ಅಂತ."

"ಮೂತಿ ಒತ್ತೇದ ನೋಡು. ಮುಂದ ನೀರು ಹೆಚ್ಚು ಸೀಳ್ತದ, ಹಿಂದ ಹಿಡಿತ ಇಲ್ಲ. ಹಿಂಗಿದ್ರ ಒಂದು ಸಲ ತಿರಗಲಿಕ್ಕೆ ಹತ್ತಿದ ದೋಣಿ ನಿಲ್ಲೂದೇ ಇಲ್ಲ. ನೆಟ್ಟಗ ಓಡಿಸಲಿಕ್ಕೆ ಹೋದ್ರ ಆ ಕಡೆ ಈ ಕಡೆ ಅಲೀತದ. ಬ್ಯಾಟರಿ ನಾಲ್ಕು ಬೆರಳು ಹಿಂದ ಸರಸು. ಸಮ ನಿಲ್ಲಬೇಕು, ಇಲ್ಲಾ ಬಾಲ ಕೂದಲೆಳೆಯಷ್ಟು ಕೆಳಗ ಇರಬೇಕು."

"ಇನ್ನೂ ಹಿಂದ ಸರಸಿದ್ರ ಇನ್ನೂ ಛಲೋ ಆಗೂದಿಲ್ಲೇನು?"

"ನೆಟ್ಟಗ ಓಡ್ತದ, ಆದ್ರ ತಿರಗಲಿಕ್ಕೆ ಒಲ್ಲೆ ಅಂತದ. ಅತಿ ಮಾಡಬ್ಯಾಡ."

ದೋಣಿ ತಿರುಗುವ ಬಗೆ ನೆಲದ ವಾಹನದಂತಲ್ಲ. ಕಾರಿನ ಮುಂದಿನ ಗಾಲಿ ಹೊರಳಿದರೆ ಹಿಂದಿನದು ಅದನ್ನು ಹಿಂಬಾಲಿಸುತ್ತದೆ. ದೋಣಿಯ ಚುಕ್ಕಾಣಿ ಇರುವುದು ಹಿಂದೆ. ಅದು ಬಾಲವನ್ನು ಹೊರಕ್ಕೆ ನೂಕುತ್ತದೆ. ಮುಂದಕ್ಕೆ ಓಡುವಾಗ ಹಡಗು ಸುತ್ತುವ ಬಿಂದು ಮೂತಿಯ ಹತ್ತಿರ, ಉದ್ದದ ಮೂರನೆಯ ಅಥವಾ ನಾಲ್ಕನೆಯ ಒಂದು ಪಾಲಿನಷ್ಟು ಹಿಂದೆ ಇರುತ್ತದೆ. ಮೂತಿ ಇಷ್ಟೇ ಒಳಗೆ ಹೋದರೆ ಬಾಲ ಅಷ್ಟು ದೂರ ಹೊರಗೆ ಬೀಸುತ್ತದೆ. ದಂಡೆಯ ಪಕ್ಕದಿಂದ ಹೊರಡುವಾಗ ಚುಕ್ಕಾಣಿಯನ್ನು ಪೂರ್ತಿ ತಿರುಗಿಸಿದರೆ ಬಾಲ ಕಲ್ಲಿಗೆ ಬಡಿಯುವುದು ಈ ಕಾರಣಕ್ಕೇ.

ಆಗ ಹುಡುಗಿಯೇ ಒಂದು ಒಳ್ಳೆಯ ಪ್ರಶ್ನೆ ಎತ್ತಿದಳು. "ನಿಜವಾದ ಹಡಗು ಎಷ್ಟು ಸಾವಕಾಶ ತಿರಗ್ತದ! ನಂದು ನೊಣದಂಗ ಗಿರಕಿ ಹೊಡೀತದ. ತೀರ್ಪುಗಾರರಿಗೆ ಅದು ಹಡಗು ಅಂತ ಹೆಂಗ ಅನಸಬೇಕು?"

ಹಿರಿಯರ ಮುಖ ಅರಳಿತು. ಇದು ಅವರ ಬದುಕಿನ ಕೆಲಸಕ್ಕೆ ಸೇರಿದ ಪ್ರಶ್ನೆ.

"ಮಾದರಿಯಾಗ ಕಾಲ ಬ್ಯಾರೆ ಓಡ್ತದ. ಉದ್ದ ನೂರು ಪಟ್ಟು ಸಣ್ಣದು ಮಾಡಿದ್ರ ಕಾಲ ಹತ್ತು ಪಟ್ಟು ಸಣ್ಣದಾಗ್ತದ. ವರ್ಗಮೂಲದ ಲೆಕ್ಕ. ಸಮುದ್ರದಾಗ ಹತ್ತು ಸೆಕೆಂಡಿಗೆ ಒಂದು ಅಲೆ ಬರ್ತಿದ್ರ, 1:100ರ ಬಂದರದ ಮಾದರಿಯಾಗ ಸೆಕೆಂಡಿಗೆ ಒಂದು ಅಲೆ ಎಬ್ಬಿಸಬೇಕು. ಮಂಗಳೂರಿನ ಬಂದರಕ್ಕೂ ನಮ್ಮಲ್ಲೆ ಮಾದರಿ ಆಗ್ಯಾವ."

ಖಡಕ್‌ವಾಸ್ಲಾದ ಆ ಸಂಸ್ಥೆ 1916ರಲ್ಲಿ ಮುಂಬಯಿ ಪ್ರಾಂತದ ನೀರಾವರಿ ಸಂಶೋಧನೆಗೆಂದು ಸಣ್ಣದಾಗಿ ಆರಂಭವಾದದ್ದು. ಅದನ್ನು ಬೆಳೆಸಿದ ಕ್ಲಾಡ್ ಇಂಗ್ಲಿಸ್ ಮುಂದೆ ಇಂಗ್ಲೆಂಡಿನ ವಾಲಿಂಗ್‌ಫರ್ಡ್ ಜಲ ಸಂಶೋಧನಾ ಕೇಂದ್ರದ ನಿರ್ದೇಶಕರಾದರು. ಪಣಂಬೂರಿನ ನವ ಮಂಗಳೂರು ಬಂದರಿನ ಹಲವು ಮಾದರಿ ಅಧ್ಯಯನಗಳು ನಡೆದದ್ದು ಇಲ್ಲಿಯೇ. ಕಡಲಿಲ್ಲದಿದ್ದರೂ ಕರಾವಳಿಯ ಅಲೆಗಳನ್ನು ಅಳೆದು ನೋಡಿದವರ ನಗರ ಪುಣೆ. ಹಡಗಿನ ಮಾದರಿಗೆ ವರ್ಗಮೂಲದ ಈ ನಿಯಮವನ್ನು ಗಟ್ಟಿಯಾಗಿ ನೆಲೆಗೊಳಿಸಿದ ವಿಲಿಯಂ ಫ್ರೌಡ್ 1870ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಟಾರ್ಕೀಯಲ್ಲಿ ಪರೀಕ್ಷೆಯ ತೊಟ್ಟಿ ಕಟ್ಟಿಸಿದ್ದ. ಫ್ರಾನ್ಸಿನ ಗ್ರೆನೋಬಲ್ ಬಳಿಯ ಪೋರ್ಟ್ ರೆವೆಲ್ ಎಂಬ ಕೆರೆಯಲ್ಲಿ 1960ರ ದಶಕದಿಂದ ಹಡಗಿನ ಪೈಲಟ್‌ಗಳು 1:25ರ ಮಾದರಿಗಳೊಳಗೆ ಕೂತು ತರಬೇತಿ ಪಡೆಯುತ್ತಾರೆ. 25ರ ವರ್ಗಮೂಲ 5. ಅಲ್ಲಿ ಎಲ್ಲವೂ ಐದು ಪಟ್ಟು ಬೇಗ ಆಗುತ್ತದೆ, ಯೋಚಿಸಲು ಸಿಗುವ ಸಮಯ ಐದರಲ್ಲಿ ಒಂದು ಪಾಲು.

"ಹಂಗಾದ್ರ ನಂದು ಐವತ್ತು, ವರ್ಗಮೂಲ ಏಳು," ಎಂದು ಹುಡುಗಿ ಮೊಬೈಲಿನಲ್ಲಿ ಲೆಕ್ಕ ಹಾಕಿದಳು. "ನಿಜವಾದದ್ದು 14 ನಾಟ್ ಓಡಿದ್ರ ನಂದು 2 ನಾಟ್. ಅಂದ್ರ ಸೆಕೆಂಡಿಗೆ ಒಂದು ಮೀಟರ್. ನಾ ಅದರ ಎರಡರಷ್ಟು ಓಡಸ್ತಿದ್ದೆ."

"ಚುಕ್ಕಾಣಿಯ ವೇಗಾನೂ ನೋಡು. ಹಡಗಿನಾಗ ಒಂದು ಕಡೆ 35ರಿಂದ ಇನ್ನೊಂದು ಕಡೆ 30 ಡಿಗ್ರಿಗೆ ಬರಲಿಕ್ಕೆ 28 ಸೆಕೆಂಡಿನೊಳಗ ಆಗಬೇಕು ಅಂತ ಅಂತರರಾಷ್ಟ್ರೀಯ ನಿಯಮ ಅದ. ಏಳರಿಂದ ಭಾಗಿಸಿದ್ರ ನಾಲ್ಕು ಸೆಕೆಂಡು. ನಿನ್ನ ಸರ್ವೊ ಅರೆಗಳಿಗೆಯೂ ತಗೋಳೂದಿಲ್ಲ, ಅದಕ್ಕ ದೋಣಿ ಬೆಚ್ಚಿ ಬಿದ್ದಂಗ ಮಾಡ್ತದ."

ಈಚಿನ ರಿಮೋಟುಗಳಲ್ಲಿ ಸರ್ವೊದ ವೇಗ ತಗ್ಗಿಸುವ ಸೌಲಭ್ಯವಿದೆ. ನಾಲ್ಕು ಸೆಕೆಂಡಿಗೆ ಇಳಿಸಿದರೆ ಈಜುಕೊಳದಲ್ಲಿ ಗೋಡೆ ತಪ್ಪಿಸುವುದು ಕಷ್ಟ. ಒಂದೂವರೆ ಸೆಕೆಂಡು ಒಳ್ಳೆಯ ರಾಜಿ. ಅದಕ್ಕಿಂತಲೂ ಉಪಕಾರ ಮಾಡುವುದು ಎಕ್ಸ್‌ಪೊನೆನ್ಷಿಯಲ್ ಎಂಬ ಹೊಂದಾಣಿಕೆ. ಕೋಲು ನಡುವಿನಿಂದ ತುಸು ಸರಿದಾಗ ಚುಕ್ಕಾಣಿ ಬಹಳ ಕಡಿಮೆ ತಿರುಗುತ್ತದೆ, ತುದಿಗೆ ಹೋದಂತೆ ಹೆಚ್ಚು ತಿರುಗುತ್ತದೆ. ನೇರ ಓಟದಲ್ಲಿ ಹೆಬ್ಬೆರಳಿನ ನಡುಕ ದೋಣಿಗೆ ತಲುಪುವುದಿಲ್ಲ, ತುರ್ತಿಗೆ ಪೂರ್ತಿ ತಿರುವು ಕೈಯಲ್ಲೇ ಇರುತ್ತದೆ. ಮಾದರಿ ದೋಣಿಗಳ ಅಂತರರಾಷ್ಟ್ರೀಯ ಸಂಸ್ಥೆ ನಾವಿಗಾದ ಎಫ್3 ವರ್ಗದಲ್ಲಿ ತೇಲುಬುರುಡೆಗಳ ನಡುವಿನ ದ್ವಾರಗಳನ್ನು ಮುಟ್ಟದೆ ದಾಟುವುದೇ ಪಂದ್ಯ. ಅಂಥ ಕಡೆ ಗೆಲುವು ಸೋಲು ಇಂಥ ಸೂಕ್ಷ್ಮಗಳಲ್ಲಿ ತೀರ್ಮಾನವಾಗುತ್ತದೆ.

"ಈಗ ಹೇಳ್ರಿ, ಚುಕ್ಕಾಣಿ ದೊಡ್ಡದು ಮಾಡೂದೋ ಬ್ಯಾಡೋ?"

"ಮಾಡೂದು. ಲೆಕ್ಕ ಹಾಕಿ ಮಾಡೂದು. ನೀರಿನ ಗೆರೆಯ ಉದ್ದ 80, ಆಳ 5. ಗುಣಿಸು."

"ನಾನೂರು ಚದರ ಸೆಂಟಿಮೀಟರ್."

"ಹಡಗು ಕಟ್ಟುವವರು ಅದರ ಅರವತ್ತರಲ್ಲಿ ಒಂದು ಪಾಲು ಹಿಡೀತಾರ. ಅಂದ್ರ ಆರೂವರೆ, ಏಳು. ನಿಂದು ಅಷ್ಟೇ ಅದ, ನಕ್ಷೆ ಪ್ರಕಾರ ಮಾಡೀದಿ. ಆದ್ರ ದೋಣಿ ಸಣ್ಣದಾದಂಗ ನೀರು ತೆಳ್ಳಗಾಗೂದಿಲ್ಲ. ನೀರಿನ ಅಂಟು ಅಷ್ಟೇ ಇರ್ತದ. ನಿನ್ನ ಸಣ್ಣ ಚುಕ್ಕಾಣಿಗೆ ಆ ಅಂಟು ಭಾಳ ಆಗ್ತದ. ಅದಕ್ಕ ಮಾದರಿಯಾಗ ಎರಡು ಪಟ್ಟು ಬೇಕು. 13 ಚದರ ಸೆಂಟಿಮೀಟರ್ ಮಾಡು."

"ಉದ್ದ ಮಾಡ್ಲೋ, ಅಗಲ ಮಾಡ್ಲೋ?"

"ಎತ್ತರ ಮಾಡು. ನಾಲ್ಕೂವರೆ ಎತ್ತರ, ಮೂರು ಅಗಲ. ಪ್ರೊಪೆಲರ್ ಎಸೆಯೂ ನೀರೆಲ್ಲಾ ಅದರ ಮ್ಯಾಲೆ ಬೀಳಬೇಕು. ಮ್ಯಾಲಿನ ಅಂಚು ಒಡಲಿಗೆ ಎಷ್ಟು ಹತ್ತಿರ ಇದ್ರ ಅಷ್ಟು ಛಲೋ. ನಡುವೆ ಸಂದು ಬಿಟ್ರ ಒತ್ತಡದ ನೀರು ಅಲ್ಲಿಂದ ಆ ಕಡೆ ಜಾರ್ತದ, ಬಲ ಸೋರಿಹೋಗ್ತದ."

ಚುಕ್ಕಾಣಿಯ ಕಡ್ಡಿಯನ್ನು ಮುಂದಿನ ಅಂಚಿಗೇ ಬೆಸುಗೆ ಹಾಕುವ ರೂಢಿಯನ್ನೂ ಹಿರಿಯರು ಬಿಡಿಸಿದರು. ಅಗಲದ ಐದನೆಯ ಒಂದು ಪಾಲು ಕಡ್ಡಿಯ ಮುಂದೆ ಇದ್ದರೆ ನೀರಿನ ಒತ್ತಡ ಎರಡೂ ಕಡೆ ಹಂಚಿಹೋಗಿ ಸರ್ವೊದ ಹೊರೆ ಇಳಿಯುತ್ತದೆ. ಕಾಲು ಪಾಲು ಮೀರಿದರೆ ಚುಕ್ಕಾಣಿ ತಾನೇ ಒಂದು ಬದಿಗೆ ಎಳೆದುಕೊಂಡು ಹೋಗಲು ನೋಡುತ್ತದೆ. ಚಪ್ಪಟೆ ತಗಡಿಗಿಂತ ಮುಂದಿನ ಅಂಚು ದುಂಡಗಿದ್ದು ಹಿಂದಕ್ಕೆ ಚೂಪಾಗುವ ದಪ್ಪನೆಯ ಆಕಾರ ಮೇಲು: ನೀರು ಅದರ ಮೈಯನ್ನು ಬಿಡದೆ ಹೆಚ್ಚು ಕೋನದವರೆಗೆ ಅಂಟಿಕೊಂಡು ಹರಿಯುತ್ತದೆ. ನೀರು ಮೈ ಬಿಟ್ಟ ಮೇಲೆ ಚುಕ್ಕಾಣಿ ತಿರುಗಿಸುವ ಬದಲು ತಡೆಯುತ್ತದೆ. ಹಡಗುಗಳಲ್ಲಿ ಸಾಮಾನ್ಯವಾಗಿ 35 ಡಿಗ್ರಿಗೇ ಮಿತಿ ಹಾಕುವುದು ಇದಕ್ಕಾಗಿ. ಹೆಬ್ಬೆರಳು ಕೋಲನ್ನು ತುದಿಗೆ ಒತ್ತಿ ಹಿಡಿದಿದೆ, ದೋಣಿ ನಿಧಾನವಾಗುತ್ತಿದೆ, ತಿರುಗುತ್ತಿಲ್ಲ ಎಂದಾದರೆ ಕೋನ ಕಡಿಮೆ ಮಾಡಿ ನೋಡಬೇಕು.

ರವಿವಾರ ಪೇಟೆಯ ಬೋಹರಿ ಆಳಿಗೆ ಹೋಗಿ ತಗಡು ತಂದದ್ದಾಯಿತು. ಮುಂದಿನ ಭಾನುವಾರ ಹೊಸ ಚುಕ್ಕಾಣಿಯೊಂದಿಗೆ ಮಾತು ಮತ್ತೆ ಅದೇ ದಂಡೆಯಲ್ಲಿ ಮುಂದುವರಿಯಿತು.

"ಛಲೋ ಆಗೇದ ಅನಸ್ತದ ಕಾಕಾ."

"ಅನಸೂದು ಬ್ಯಾಡ, ಅಳೀಬೇಕು. ಮೂರನೇ ಮಾಳಿಗಿಗೆ ಹೋಗಿ ಬಾಲ್ಕನಿಯಿಂದ ವಿಡಿಯೊ ತಗೀಲಿಕ್ಕೆ ಯಾರಿಗಾದ್ರೂ ಹೇಳು. ಕೊಳದ ತಳದಾಗ ಟೈಲ್ಸ್ ಅವ, ಅವೇ ನಮ್ಮ ಅಳತೆಪಟ್ಟಿ."

100 ಮೀಟರ್ ಮತ್ತು ಅದಕ್ಕಿಂತ ಉದ್ದದ ಹಡಗುಗಳಿಗೆ ಅಂತರರಾಷ್ಟ್ರೀಯ ಕಡಲ ಸಂಸ್ಥೆ 2002ರಲ್ಲಿ ತಿರುವಿನ ಮಾನದಂಡಗಳನ್ನು ಒಪ್ಪಿಕೊಂಡಿತು. ಪೂರ್ತಿ ಚುಕ್ಕಾಣಿ ತಿರುಗಿಸಿದ ಮೇಲೆ ಹಡಗು ತಿರುಗಿ ಬಂದ ದಿಕ್ಕಿಗೇ ಮುಖ ಮಾಡುವಷ್ಟರಲ್ಲಿ ಬದಿಗೆ ಸರಿಯುವ ದೂರ ಅದರ ಉದ್ದದ ಐದು ಪಟ್ಟು ಮೀರಬಾರದು; ಮುಂದಕ್ಕೆ ಸಾಗುವ ದೂರ ನಾಲ್ಕೂವರೆ ಪಟ್ಟು ಮೀರಬಾರದು. 80 ಸೆಂಟಿಮೀಟರಿನ ದೋಣಿಗೆ ಇದು 4 ಮೀಟರ್ ಮತ್ತು 3.6 ಮೀಟರ್. ಗಸ್ತು ನೌಕೆಗೆ ಈ ನಿಯಮ ಅನ್ವಯಿಸದಿದ್ದರೂ ಹೋಲಿಸಿ ನೋಡಲು ಒಳ್ಳೆಯ ಅಳತೆ. ವಿಡಿಯೊದಲ್ಲಿ ಟೈಲ್ಸ್ ಎಣಿಸಿದಾಗ ಎಡ ತಿರುವು ಮೂರು ಮೀಟರಿನ ಒಳಗೇ ಮುಗಿದಿತ್ತು, ಬಲದ್ದು ಅದಕ್ಕಿಂತ ಗೇಣು ಹೆಚ್ಚು.

"ಖಡಕ್‌ವಾಸ್ಲಾ ಜಲಾಶಯಕ್ಕ ಒಯ್ಯೂಣೇನು?"

"ಅದು ಊರಿಗೆ ಕುಡಿಯೂ ನೀರು. ಪರವಾನಗಿ ಇಲ್ಲದ ಇಳೀಬಾರದು. ಇಲ್ಲೇ ಪಾಷಾಣ ಬಡಾವಣಿಯ ಕೆರಿಯಾಗ ಅಂತರಗಂಗಿ ತುಂಬೇದ, ಪ್ರೊಪೆಲರಿಗೆ ಒಂದು ಎಳೆ ಸುತ್ತಿದ್ರ ಚುಕ್ಕಾಣಿಗೆ ನೀರೇ ಬರೂದಿಲ್ಲ. ರಜಾಕ್ಕ ಊರಿಗೆ ಹೋದಾಗ ಹುಬ್ಬಳ್ಳಿ ಉಣಕಲ್ ಕೆರಿಯಾಗ ಕೇಳಿ ನೋಡು. ಬಯಲ ನೀರಿನಾಗ ಗಾಳಿದೇ ಇನ್ನೊಂದು ಪಾಠ. ರಿಸೀವರಿನ ಆಂಟೆನಾ ಮಾತ್ರ ಮ್ಯಾಲೆ ಕಟ್ಟು, ನೀರಿನ ಗೆರೆಯ ಕೆಳಗ ಬ್ಯಾಡ. 2.4 ಗಿಗಾಹರ್ಟ್ಸ್ ಅಲೆ ನೀರಿನಾಗ ಸತ್ತುಹೋಗ್ತದ."

"ಗಾಳಿಗೆ ಮೂತಿ ತಿರಗಬಾರದು ಅಂತ ಮುಂದ ಅಡ್ಡ ತಳ್ಳೂ ಒಂದು ಸಣ್ಣ ಥ್ರಸ್ಟರ್ ಹಾಕಲೇನು?"

"ಗಸ್ತು ನೌಕಿಗೆ ಅದು ಬ್ಯಾಡ. ಒಡಲಿನ ಕೆಳಗ ಹಿಂದ ಒಂದು ಸ್ಕೆಗ್ ಪಟ್ಟಿ ಕೂಡಿಸಿದ್ರ ನೆಟ್ಟಗ ನಿಲ್ತದ. ಎಷ್ಟು ಉದ್ದ ಅಂತ ಈಗ ಹೇಳಲಿಕ್ಕೆ ಬರೂದಿಲ್ಲ. ಮೊದಲ ಜಿಗ್‌ಜಾಗ್ ಪರೀಕ್ಷೆ ಮಾಡು. ಚುಕ್ಕಾಣಿ ಹತ್ತು ಡಿಗ್ರಿ ಬಲಕ್ಕ ಇಡು, ಮೂತಿ ಹತ್ತು ಡಿಗ್ರಿ ಹೊರಳಿತು ಅಂದ ಕೂಡಲೆ ಹತ್ತು ಡಿಗ್ರಿ ಎಡಕ್ಕ ಒಗಿ. ಒಗೆದ ಮ್ಯಾಲೂ ಮೂತಿ ಇನ್ನಷ್ಟು ಬಲಕ್ಕ ಹೋಗೇ ಹೋಗ್ತದ. ಆ ಹೆಚ್ಚಿನದು ಎಷ್ಟು ಡಿಗ್ರಿ ಅಂತ ವಿಡಿಯೊದಾಗ ಅಳೀ."

"ಎಷ್ಟಿದ್ರ ಸರಿ?"

"ಇಂಥಾ ಉದ್ದಕ್ಕ, ಇಂಥಾ ವೇಗಕ್ಕ ಹತ್ತರೊಳಗ ಇರಬೇಕು. ಹದಿನೈದು ಬಂತಂದ್ರ ಸ್ಕೆಗ್ ಕೂಡಿಸೂಣು, ಆರೇಳು ಬಂತಂದ್ರ ಒಡಲು ಹಂಗೇ ಬಿಡೂಣು. ಹೋಗು, ಬ್ಯಾಟರಿ ತುಂಬೇದೇನು ನೋಡಿ ಬಾ."